ನಿಮ್ಮೂರ ಕೇಬಲ್‌ಗೆ ಅಪ್ಪಣೆ ಕೊಟ್ಟವರು ಯಾರು?

ಥಿಯೇಟರಿಗೆ ಜಿಲ್ಲಾಧಿಕಾರಿಯ ಲೈಸೆನ್ಸು, ಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟು..... ಮನೆ ಕಿಟಕಿಯಲ್ಲಿ ತೂರಿ ಬರುವ ಆ ಕಪ್ಪು ತಂತಿಗೆ?

ಒಂದು ಸಿನಿಮಾ ಥಿಯೇಟರ್ ಕಟ್ಟಿ ನೋಡಿ ಸ್ವಾಮಿ, ಆಗ ತಿಳಿಯುತ್ತದೆ ಲೈಸೆನ್ಸ್ ಎಂಬ ಮೂರಕ್ಷರದ ಮಹಿಮೆ! ನಮ್ಮ ರಾಜ್ಯದಲ್ಲಿ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆ ಅಂತ ಒಂದಿದೆ. ಅದರ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಕಟ್ಟಡ ನೋಡುವುದಕ್ಕೆ ಒಬ್ಬರು, ಕರೆಂಟು ನೋಡುವುದಕ್ಕೆ ಇನ್ನೊಬ್ಬರು, ಬೆಂಕಿ ಬಿದ್ದರೆ ಜನ ಹೊರಗೆ ಓಡುವ ದಾರಿ ನೋಡುವುದಕ್ಕೆ ಮತ್ತೊಬ್ಬರು. ಇಷ್ಟೆಲ್ಲ ಆದ ಮೇಲೆ ಗೇಟ್ ತೆಗೆಯಬೇಕು. ಆಮೇಲೆ ನಾವು ನೀವು ಸಾಲಿನಲ್ಲಿ ನಿಂತು ಅಂಗಿ ಹರಿದುಕೊಂಡು ಫಸ್ಟ್ ಷೋ ನೋಡಬೇಕು!

ಇನ್ನೊಂದು ಕಡೆ ನೋಡಿ. ಅದೇ ಊರಿನ ಅದೇ ಬೀದಿಯಲ್ಲಿ ಒಬ್ಬ ಹುಡುಗ ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು, ಹೆಗಲಿಗೆ ತಂತಿ ಸುರುಳಿ ಹಾಕಿಕೊಂಡು, ಕಂಬದಿಂದ ಕಂಬಕ್ಕೆ ಹಾರುತ್ತಾನೆ. ಸಂಜೆ ಹೊತ್ತಿಗೆ ಇನ್ನೂರು ಮನೆಗೆ ಸಿನಿಮಾ! ಇವನಿಗೆ ಅಪ್ಪಣೆ ಕೊಟ್ಟವರು ಯಾರು? ಬಹಳ ವರ್ಷ ಇದಕ್ಕೆ ಉತ್ತರ: ಯಾರೂ ಇಲ್ಲ. ಆಮೇಲೆ ಮೂವತ್ತು ವರ್ಷ ಇದಕ್ಕೆ ಉತ್ತರ: ಪೋಸ್ಟ್ ಮಾಸ್ಟರ್!

ನಗಬೇಡಿ. ನಿಜ ಹೇಳುತ್ತಿದ್ದೇನೆ. ಸ್ಟಾಂಪು, ಮನಿಯಾರ್ಡರು, ಉಳಿತಾಯ ಖಾತೆ ನೋಡಿಕೊಳ್ಳುವ ನಮ್ಮ ಹೆಡ್ ಪೋಸ್ಟ್ ಆಫೀಸಿನಲ್ಲೇ ಕೇಬಲ್ ಟಿವಿಯ ಹಣೆಬರಹ ಬರೆಯುತ್ತಿದ್ದರು. ಅದು ಹೇಗೆ ಶುರುವಾಯಿತು, ಹೇಗೆ ಮುಗಿಯಿತು, ಇದರಲ್ಲಿ ಸಿನಿಮಾ ಅಭಿಮಾನಿಗಳಾದ ನಮಗೆ ಏನು ಲಾಭ, ಏನು ನಷ್ಟ ಅನ್ನುವುದನ್ನು ಈ ವಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಸಿಆರ್ ಬಂತು, ನಿದ್ದೆ ಹೋಯಿತು

1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ನಮ್ಮ ದೂರದರ್ಶನಕ್ಕೆ ಬಣ್ಣ ಬಂತು. ಅದೇ ಸುಮಾರಿಗೆ ಊರೂರಿಗೆ ವಿಸಿಆರ್ ಕೂಡ ಬಂತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಗಿತ್ತು. ಆದರೆ ಅದರಲ್ಲಿ ಸಿಗುತ್ತಿದ್ದುದು ಏನು? ವಾರಕ್ಕೊಂದು ಚಿತ್ರ, ಚಿತ್ರಮಂಜರಿಯ ನಾಲ್ಕಾರು ಹಾಡು. ಹಸಿದವನಿಗೆ ಒಂದು ತುತ್ತು ಕೊಟ್ಟು ಎಲೆ ಎತ್ತಿದ ಹಾಗೆ! ನಮ್ಮಂಥವರ ಹೊಟ್ಟೆ ತುಂಬುತ್ತದೆಯೆ?

ಹೊಟ್ಟೆ ತುಂಬಿಸಲು ವಿಡಿಯೋ ಹಾಲ್‌ಗಳು ಬಂದವು. ಬಸ್ ಸ್ಟ್ಯಾಂಡ್ ಪಕ್ಕದ ಗೋಡೌನಿನಲ್ಲಿ ಕಪ್ಪು ಪರದೆ ಕಟ್ಟಿ, ನಾಲ್ಕು ಬೆಂಚು ಹಾಕಿ, ಒಂದು ಟಿವಿ ಇಟ್ಟರೆ ಮುಗಿಯಿತು. ನಾನೂ ಅಲ್ಲಿ ಕೂತವನೇ. ಕ್ಯಾಸೆಟ್ ಎಷ್ಟು ಸವೆದಿರುತ್ತಿತ್ತು ಎಂದರೆ, ನಾಯಕನ ಮುಖದ ಮೇಲೆ ಮಳೆ ಸುರಿಯುತ್ತಿತ್ತು, ಖಳನಾಯಕನ ಮೀಸೆ ಮಾತ್ರ ಕಾಣುತ್ತಿತ್ತು! ಆದರೂ ಹೌಸ್‌ಫುಲ್.

ಇಲ್ಲಿಂದ ಕೇಬಲ್‌ಗೆ ಒಂದೇ ಹೆಜ್ಜೆ. ಜನ ವಿಡಿಯೋ ಹಾಲ್‌ಗೆ ಯಾಕೆ ಬರಬೇಕು? ವಿಸಿಆರ್‌ನಿಂದ ಒಂದು ತಂತಿ ಎಳೆದು ಮನೆ ಮನೆಗೆ ಕೊಟ್ಟರೆ ಆಯಿತಲ್ಲ! ದೊಡ್ಡ ಊರುಗಳ ವಠಾರಗಳಲ್ಲಿ, ಹೋಟೆಲ್‌ಗಳಲ್ಲಿ ಮೊದಲು ಹೀಗೇ ಆಯಿತು. ದಿನಕ್ಕೆ ಎರಡೋ ಮೂರೋ ಸಿನಿಮಾ. ಎಲ್ಲೋ ಒಂದು ಕೋಣೆಯಲ್ಲಿ ಕೂತ ಹುಡುಗ ಕ್ಯಾಸೆಟ್ ತಿರುಗಿಸಿ ಹಾಕುವವರೆಗೆ ಬೀದಿಯ ಟಿವಿಗಳೆಲ್ಲ ನೀಲಿ!

ಆಮೇಲೆ 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಬಂತು. ಅಮೆರಿಕದ ಸಿಎನ್‌ಎನ್ ಯುದ್ಧವನ್ನು ನೇರ ತೋರಿಸಿತು. ದೊಡ್ಡ ಹೋಟೆಲ್‌ಗಳ ಮಾಳಿಗೆ ಮೇಲೆ ಡಿಶ್‌ಗಳು ಎದ್ದವು. ಅದೇ ವರ್ಷ ಸ್ಟಾರ್ ಟಿವಿ ಏಷ್ಯಾಸ್ಯಾಟ್ ಉಪಗ್ರಹದಿಂದ ಇಳಿಯಿತು. 1992ರ ಅಕ್ಟೋಬರ್ 2ಕ್ಕೆ ಜೀ ಟಿವಿ ಬಂತು. 1994ರಲ್ಲಿ ನಮ್ಮ ಕನ್ನಡದ ಉದಯ ಟಿವಿ. ಆಕಾಶದಿಂದ ಬೀಳುವುದನ್ನು ಹಿಡಿಯಲು ಡಿಶ್ ಬೇಕು, ಹಿಡಿದದ್ದನ್ನು ಮನೆಗೆ ಮುಟ್ಟಿಸಲು ತಂತಿ ಬೇಕು. ಕ್ಯಾಸೆಟ್ ಹುಡುಗ ರಾತ್ರೋರಾತ್ರಿ ಕೇಬಲ್ ಆಪರೇಟರ್ ಆದ. ಅವನ ಕೋಣೆಗೆ ‘ಕಂಟ್ರೋಲ್ ರೂಮ್’ ಎಂಬ ಹೆಸರು ಬಂತು. ಪೊಲೀಸ್ ಕಂಟ್ರೋಲ್ ರೂಮಿಗಿಂತ ಅಲ್ಲಿಗೇ ಜಾಸ್ತಿ ಫೋನು!

ಕೋರ್ಟ್ ಮೆಟ್ಟಿಲು ಹತ್ತಿದ ತಂತಿ

ಇಷ್ಟಾದರೂ ಕಾನೂನು ಎಲ್ಲಿತ್ತು? ಕೇಬಲ್ ಅನ್ನುವ ಶಬ್ದವೇ ನಮ್ಮ ಕಾನೂನಿನಲ್ಲಿ ಇರಲಿಲ್ಲ. ಇದ್ದದ್ದು 1885ರ ಟೆಲಿಗ್ರಾಫ್ ಕಾಯಿದೆ. ಬ್ರಿಟಿಷರು ಕಟಕಟ ತಂತಿ ಕಳಿಸುತ್ತಿದ್ದ ಕಾಲದ್ದು!

ರಾಜಸ್ಥಾನದಲ್ಲಿ ಅಧಿಕಾರಿಗಳು ಪರವಾನಗಿ ಇಲ್ಲವೆಂದು ಕೇಬಲ್ ನಿಲ್ಲಿಸಲು ಹೊರಟರು. ಆಪರೇಟರ್‌ಗಳು ಹೈಕೋರ್ಟಿಗೆ ಹೋದರು. 1993ರಲ್ಲಿ ತೀರ್ಪು ಬಂತು. ಡಿಶ್‌ನಿಂದ ಹಿಡಿದು ತಂತಿಯಲ್ಲಿ ಹಂಚುವುದೂ ಆ ಹಳೇ ಕಾಯಿದೆಯ ‘ಟೆಲಿಗ್ರಾಫ್’ ಒಳಗೇ ಬರುತ್ತದೆ, ಆದ್ದರಿಂದ ಲೈಸೆನ್ಸ್ ಬೇಕು ಅಂತ ಕೋರ್ಟು ಹೇಳಿತು. ಅಂದರೆ ದೇಶದ ಅಷ್ಟೂ ಕೇಬಲ್ ಹುಡುಗರ ಕೆಳಗಿನ ಏಣಿ ಅಲುಗಾಡಿತು.

ಅದಕ್ಕೂ ಮೊದಲು, 1989ರಲ್ಲಿ, ಬೊಂಬಾಯಿ ಹೈಕೋರ್ಟಿನಲ್ಲಿ ಇನ್ನೊಂದು ಜಗಳ. ಇದು ನಮಗೆ, ಅಂದರೆ ಸಿನಿಮಾದವರಿಗೆ, ಬಹಳ ಮುಖ್ಯ. ಚಿತ್ರಗಳ ಹಕ್ಕು ಪಡೆದಿದ್ದ ಗರ್‌ವಾರೆ ಕಂಪನಿ ಕೇಬಲ್‌ನವರ ಮೇಲೆ ದಾವೆ ಹೂಡಿತು. ಕೇಬಲ್‌ನವರ ವಾದ ಏನು ಗೊತ್ತೆ? ‘ನಾವು ಥಿಯೇಟರಿನಲ್ಲಿ ತೋರಿಸುತ್ತಿಲ್ಲ ಸ್ವಾಮಿ. ಜನ ತಮ್ಮ ತಮ್ಮ ಮನೆಯಲ್ಲಿ ಕೂತು ನೋಡುತ್ತಾರೆ. ಮನೆಯೊಳಗಿನ ವ್ಯವಹಾರ ಸಾರ್ವಜನಿಕ ಹೇಗಾದೀತು?’ ಕೇಳುವುದಕ್ಕೆ ಚೆನ್ನಾಗಿದೆ ಅಲ್ಲವೆ? ಕೋರ್ಟು ಒಪ್ಪಲಿಲ್ಲ. ದುಡ್ಡು ಕೊಟ್ಟ ಯಾರಿಗಾದರೂ ತಂತಿ ಕೊಡುತ್ತೀರಿ ಅಂದಮೇಲೆ ಆ ಮನೆಗಳೆಲ್ಲ ಸೇರಿ ಸಾರ್ವಜನಿಕರೇ, ಹಕ್ಕುದಾರರ ಒಪ್ಪಿಗೆ ಇಲ್ಲದೆ ಚಿತ್ರ ಹಾಕುವ ಹಾಗಿಲ್ಲ ಅಂತ ಹೇಳಿತು.

ಈ ಎರಡು ತೀರ್ಪನ್ನು ಜೋಡಿಸಿ ನೋಡಿ. ಒಂದು, ತಂತಿ ಎಳೆಯಲು ಅಪ್ಪಣೆ ಬೇಕು. ಇನ್ನೊಂದು, ತಂತಿಯಲ್ಲಿ ಸಿನಿಮಾ ಬಿಡಲು ಬೇರೆ ಅಪ್ಪಣೆ ಬೇಕು. ಎರಡೂ ಬೇರೆ ಬೇರೆ! ಇವತ್ತಿಗೂ ಅನೇಕರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ‘ನಮ್ಮ ಹತ್ರ ಲೈಸೆನ್ಸ್ ಇದೆ ಸಾರ್, ಯಾವ್ ಪಿಚ್ಚರ್ ಬೇಕಾದ್ರೂ ಹಾಕ್ತೀವಿ’ ಅನ್ನುವವರನ್ನು ನಾನೇ ಕಂಡಿದ್ದೇನೆ. ಬಸ್ ಓಡಿಸಲು ಪರ್ಮಿಟ್ ಇದೆ ಅಂದ ಮಾತ್ರಕ್ಕೆ ಪ್ರಯಾಣಿಕರ ಪೆಟ್ಟಿಗೆಯೂ ಕಂಡಕ್ಟರನದೇ ಆಗುತ್ತದೆಯೆ?

ಐನೂರು ರೂಪಾಯಿ, ಒಂದು ಅರ್ಜಿ

ಸರ್ಕಾರ ಎಚ್ಚೆತ್ತುಕೊಂಡಿತು. 1994ರ ಸೆಪ್ಟೆಂಬರ್ 29ರಂದು ಸುಗ್ರೀವಾಜ್ಞೆ ಬಂತು. ಮರುವರ್ಷ ಮಾರ್ಚ್ 25ಕ್ಕೆ ಅದೇ ಕಾಯಿದೆ ಆಯಿತು. ಹೆಸರು: ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯಿದೆ, 1995. ಥಿಯೇಟರಿಗೆ ಇದ್ದಂಥ ಕಠಿಣ ಲೈಸೆನ್ಸ್ ಇಡಲಿಲ್ಲ. ನೋಂದಣಿ ಸಾಕು ಅಂದರು. ಆಗಲೇ ದೇಶದ ಮೂಲೆ ಮೂಲೆಯಲ್ಲಿ ತಂತಿ ಹಬ್ಬಿತ್ತು. ಪ್ರತಿಯೊಬ್ಬನನ್ನೂ ದಿಲ್ಲಿಗೆ ಕರೆಸಲು ಸಾಧ್ಯವೆ? ಊರೂರಲ್ಲೂ ಇರುವ, ಜನ ನಂಬುವ, ಕೇಂದ್ರ ಸರ್ಕಾರದ ಕಚೇರಿ ಯಾವುದು? ಅಂಚೆ ಕಚೇರಿ!

ಹೀಗೆ ಆ ಪ್ರದೇಶದ ಹೆಡ್ ಪೋಸ್ಟ್ ಮಾಸ್ಟರು ನೋಂದಣಿ ಅಧಿಕಾರಿಯಾದರು. ಫಾರಂ 1 ತುಂಬಬೇಕು, 500 ರೂಪಾಯಿ ಕಟ್ಟಬೇಕು. ಅರ್ಜಿದಾರ ಭಾರತದ ಪ್ರಜೆಯಾಗಿರಬೇಕು. ಕಂಪನಿಯಾದರೆ ನೂರಕ್ಕೆ 51 ಪಾಲು ಭಾರತೀಯರದ್ದಿರಬೇಕು. ಸರ್ಟಿಫಿಕೇಟಿಗೆ ಹನ್ನೆರಡು ತಿಂಗಳ ಆಯುಷ್ಯ. ವರ್ಷ ವರ್ಷ ನವೀಕರಿಸಬೇಕು. ಕೊಡುವುದಿಲ್ಲ ಅಂದರೆ ಅಧಿಕಾರಿ ಕಾರಣವನ್ನು ಬರೆದು ತಿಳಿಸಬೇಕು.

ಷರತ್ತುಗಳೂ ಇದ್ದವು. ಏನೇ ತೋರಿಸಿದರೂ ಕನಿಷ್ಠ ಎರಡು ದೂರದರ್ಶನ ಚಾನೆಲ್ ಕೊಡಲೇಬೇಕು. ಆ ತಿಂಗಳು ಏನೇನು ತೋರಿಸಿದಿರಿ ಎಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಾರ್ಯಕ್ರಮ ಸಂಹಿತೆ ಪಾಲಿಸಬೇಕು. ಹಕ್ಕುದಾರರ ಒಪ್ಪಿಗೆ ಇಲ್ಲದ ಚಿತ್ರ ಕೂಡದು. ನೋಂದಣಿ ಇಲ್ಲದೆ ನಡೆಸಿದರೆ ಉಪಕರಣ ಜಪ್ತಿ! ಮೂಲ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. 2023ರ ಜನವಿಶ್ವಾಸ ಕಾಯಿದೆ ಬಂದ ಮೇಲೆ ಈ ಜೈಲಿನ ಮಾತು ಹೋಗಿ, ಎಚ್ಚರಿಕೆ, ಛೀಮಾರಿ, ದಂಡ ಇಷ್ಟಕ್ಕೆ ನಿಂತಿದೆ.

ಥಿಯೇಟರ್ ಮಾಲೀಕರ ಹೊಟ್ಟೆ ಉರಿಯದೆ ಇರುತ್ತದೆಯೆ? ‘ನಮಗೆ ನೂರೆಂಟು ಕಾಗದ, ಅವನಿಗೆ ಐನೂರು ರೂಪಾಯಿ! ನಾವು ಶುಕ್ರವಾರ ಡಬ್ಬ ತರಿಸಿ ತೋರಿಸಿದರೆ ಅವನು ಭಾನುವಾರ ರಾತ್ರಿ ಮನೆಮನೆಗೂ ಬಿಡ್ತಾನೆ’ ಎಂದು ಒಬ್ಬರು ಮಾಲೀಕರು ನನ್ನೆದುರು ಬೈದುಕೊಂಡಿದ್ದರು. ಅವರ ಥಿಯೇಟರ್ ಈಗ ಕಲ್ಯಾಣ ಮಂಟಪ. ನಾನು ಎರಡಾಣೆ ಉಪ್ಪುಗಡಲೆ ತಿಂದು ಕೂತ ಜಾಗದಲ್ಲಿ ಈಗ ಹೋಮಕುಂಡ!

ತಂತಿಗೆ ಸಿಗದ ‘ಓಂ’

ಅದೇ 1995ರಲ್ಲಿ, ಕಾಯಿದೆ ಬಂದು ಎರಡು ತಿಂಗಳಿಗೆ, ಮೇ ತಿಂಗಳಲ್ಲಿ ‘ಓಂ’ ಬಿಡುಗಡೆಯಾಯಿತು. ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ. ನಿಮಗೆ ನಾನು ಕಥೆ ಹೇಳಬೇಕಾಗಿಲ್ಲ. ನಿಜವಾದ ರೌಡಿಗಳೇ ಬಂದು ಕ್ಯಾಮೆರಾ ಮುಂದೆ ನಿಂತ ಚಿತ್ರ. ಮತ್ತೆ ಮತ್ತೆ ಬಿಡುಗಡೆಯಾಗಿ, ಪ್ರತಿ ಸಲವೂ ಥಿಯೇಟರಿನವರ ಕೈ ಹಿಡಿದ ಚಿತ್ರ. ಆದರೆ ಒಂದು ವಿಷಯ ಗಮನಿಸಿ. ಇಪ್ಪತ್ತು ವರ್ಷ ಅದರ ಟಿವಿ ಹಕ್ಕನ್ನು ಕೊಡಲಿಲ್ಲ! 2015ರಲ್ಲಿ ಉದಯ ಟಿವಿಗೆ ಹೋದಾಗ ಹೊಸ ಚಿತ್ರಗಳಿಗೂ ಸಿಗದಂಥ ಬೆಲೆ ಬಂತು ಅಂತ ಗಾಂಧಿನಗರವೆಲ್ಲ ಮಾತಾಡಿತು.

ಇದರಿಂದ ಕಲಿಯುವುದೇನು? ಯಾವಾಗ, ಯಾರಿಗೆ, ಯಾವ ದಾರಿಯಲ್ಲಿ ಚಿತ್ರ ಕೊಡಬೇಕು ಅನ್ನುವುದು ನಿರ್ಮಾಪಕರ ಹಕ್ಕು. ಆ ಹಕ್ಕು ಗಟ್ಟಿಯಾಗಿದ್ದರೆ ಇಪ್ಪತ್ತು ವರ್ಷದ ಹಳೇ ಚಿತ್ರವೂ ಚಿನ್ನ. ಊರೂರಿನ ಕಂಟ್ರೋಲ್ ರೂಮಿನಲ್ಲಿ ಕದ್ದ ಕ್ಯಾಸೆಟ್ ಓಡಿದರೆ ಮೂರು ದಿನದ ಹೊಸ ಚಿತ್ರವೂ ತಗಡು. ನಾಯಕರ ಕಟೌಟಿಗೆ ಹಾಲು ಸುರಿದು ಮನೆಗೆ ಬಂದು, ಅದೇ ಚಿತ್ರವನ್ನು ಕದ್ದು ನೋಡಿದರೆ ಆ ಹಾಲು ಹಾವಿಗೆರೆದ ಹಾಗೆ!

ಕಾನೂನೂ ಬಿಗಿಯಾಯಿತು. ‘ಎ’ ಸರ್ಟಿಫಿಕೇಟಿನ ಚಿತ್ರವನ್ನು ಕೇಬಲ್‌ನಲ್ಲಿ ಹಾಗೇ ಹಾಕಬಾರದು ಎಂದು 2006ರಲ್ಲಿ ನಿಯಮ ಬಂತು. ಕತ್ತರಿ ಹಾಕಿಸಿ ಮತ್ತೆ ಸೆನ್ಸಾರ್ ಮಾಡಿಸಿದ ಮೇಲೆಯೇ ಟಿವಿಗೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೂ ಚಿತ್ರ ಕದಿಯುವವರಿಗೆ ಕನಿಷ್ಠ ಮೂರು ತಿಂಗಳ ಜೈಲು, ಮೂರು ಲಕ್ಷ ರೂಪಾಯಿ ದಂಡ ಎಂದಿದೆ. ಗರಿಷ್ಠ ಮೂರು ವರ್ಷ ಜೈಲು, ದಂಡವೋ ಚಿತ್ರದ ನಿರ್ಮಾಣ ವೆಚ್ಚದ ನೂರಕ್ಕೆ ಐದರವರೆಗೆ ಹೋಗಬಹುದು. ದೊಡ್ಡ ಬಜೆಟ್ ಚಿತ್ರ ಕದ್ದವನು ಮನೆ ಮಾರಬೇಕಾದೀತು!

ಡಬ್ಬಿ ಬಂತು, ಹುಡುಗನ ಕೈ ಕಟ್ಟಿತು

ಆದರೆ ಕೇಬಲ್ ಹುಡುಗನ ಕ್ಯಾಸೆಟ್ ಆಟ ನಿಂತದ್ದು ಪೊಲೀಸರ ಹೆದರಿಕೆಗಿಂತ ಹೆಚ್ಚಾಗಿ ಸೆಟ್‌ಟಾಪ್ ಬಾಕ್ಸ್‌ನಿಂದ. 2011ರಲ್ಲಿ ಕಾಯಿದೆ ತಿದ್ದಿ ಎಲ್ಲ ಕೇಬಲ್ಲೂ ಡಿಜಿಟಲ್ ಆಗಬೇಕು ಎಂದರು. 2013ರ ಮಾರ್ಚ್ ಕೊನೆಯ ಗಡುವಿಗೆ ಒಳಪಟ್ಟ 38 ಊರುಗಳಲ್ಲಿ ನಮ್ಮ ಬೆಂಗಳೂರು, ಮೈಸೂರು ಇದ್ದವು. ಹಳ್ಳಿಗಳ ತನಕ ಮುಟ್ಟುವಾಗ 2017 ಆಯಿತು.

ಮೊದಲು ಡಿಶ್ಶೂ ಅವನದೇ, ಕೋಣೆಯೂ ಅವನದೇ, ತಂತಿಯೂ ಅವನದೇ. ಡಿಜಿಟಲ್ ಆದ ಮೇಲೆ ಸಿಗ್ನಲ್‌ಗೆ ಬೀಗ ಬಿತ್ತು. ಬೀಗದ ಕೈ ಇರುವುದು ಎಂಎಸ್‌ಓ ಎಂಬ ದೊಡ್ಡ ಸಂಸ್ಥೆಗಳ ಹತ್ತಿರ. ಅವರಿಗೆ ನೋಂದಣಿ ಕೊಡುವುದು ದಿಲ್ಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಊರಿನ ಹುಡುಗ ಅವರಿಂದ ಸಿಗ್ನಲ್ ತೆಗೆದುಕೊಂಡು, ಮನೆಗೆ ಮುಟ್ಟಿಸಿ, ದುಡ್ಡು ವಸೂಲು ಮಾಡಿ, ಪಾಲು ಕೊಡುವವನಾದ. ಕಳ್ಳ ಕ್ಯಾಸೆಟ್ ಹೋಯಿತು, ಒಳ್ಳೆಯದೇ ಆಯಿತು. ಜೊತೆಗೆ ಅವನ ಯಜಮಾನಿಕೆಯೂ ಹೋಯಿತು.

‘ಮಾವ, ತಗೊಳ್ಲಾ ಬೇಡ್ವಾ?’

ಈ ವಿಷಯ ನನಗೆ ಬರೀ ಸುದ್ದಿಯಲ್ಲ, ಮನೆಯ ಪ್ರಶ್ನೆ. ನಮ್ಮ ಅಕ್ಕನ ಮಗ ಒಂದು ತಾಲ್ಲೂಕು ಕೇಂದ್ರದಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಇಪ್ಪತ್ತಾರು ವರ್ಷ. ಅವನ ಬಡಾವಣೆಯ ಕೇಬಲ್ ನಡೆಸುತ್ತಿದ್ದ ಹಿರಿಯರಿಗೆ ಮಂಡಿ ನೋವು, ಕಂಬ ಹತ್ತಲಾಗುವುದಿಲ್ಲ. ಮುನ್ನೂರು ಚಿಲ್ಲರೆ ಮನೆಯ ಲೈನನ್ನು ಮಾರುತ್ತೇನೆ ಎಂದರು. ಅಕ್ಕ ತನ್ನ ಬಳೆ, ಸರ ಅಡವಿಡಲು ತಯಾರು. ಹುಡುಗ ನನಗೆ ಫೋನ್ ಮಾಡಿದ.

“ಮಾವ, ನೀವು ಸಿನಿಮಾದೋರ್ ಮಧ್ಯೆ ಇರೋರು. ನೀವೇ ಹೇಳಿ. ತಗೊಳ್ಲಾ ಬೇಡ್ವಾ?”

“ಅವರ ಹತ್ತಿರ ಕಾಗದ ಏನಿದೆ ಕೇಳಿದೆಯಾ?” ಅಂದೆ.

“ಪೋಸ್ಟ್ ಆಫೀಸ್‌ದು ಇದೆಯಂತೆ.”

ಹೋಗಿ ನೋಡಿದೆವು. ಆ ಹಿರಿಯರು ಟ್ರಂಕು ತೆಗೆದು ಒಂದೊಂದೇ ಕಾಗದ ಹರಡಿದರು. ಹಳದಿ ತಿರುಗಿದ ಮೊದಲ ಸರ್ಟಿಫಿಕೇಟು, ಆಮೇಲಿನ ನವೀಕರಣಗಳು. ಒಂದು ಕಡೆ ಸರಪಳಿ ಕಡಿದಿತ್ತು. ಕೊನೆಯ ಎರಡು ವರ್ಷ ನವೀಕರಣವೇ ಇಲ್ಲ! “ಮಂಡಿ ನೋವು ಸಾರ್, ಓಡಾಡಕ್ಕಾಗ್ಲಿಲ್ಲ. ಯಾರೂ ಕೇಳ್ಲೂ ಇಲ್ಲ” ಎಂದರು. ಸುಳ್ಳು ಹೇಳುವ ಜನ ಅಲ್ಲ. ಮಳೆಯಲ್ಲಿ ನೆನೆದು ಲೈನ್ ಸರಿ ಮಾಡಿ, ಮನೆಯವರ ಬೈಗುಳ ತಿಂದು, ಹಬ್ಬದ ದಿನ ಮಾತ್ರ ಒಬ್ಬಟ್ಟು ತಿಂದು ಬಾಳಿದವರು. ಆದರೆ ಕಾನೂನಿಗೆ ಮಂಡಿ ನೋವು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ನೋಂದಣಿ ಅನ್ನುವುದು ಅರ್ಜಿ ಹಾಕಿದವನ ಹೆಸರಿಗೆ. ತಂತಿಯನ್ನು ಮಾರಬಹುದು, ಆಂಪ್ಲಿಫೈಯರ್ ಮಾರಬಹುದು. ಕೊಂಡವನು ತನ್ನ ಹೆಸರಿಗೆ ಬೇರೆ ನೋಂದಣಿ ಮಾಡಿಸಲೇಬೇಕು. ‘ಏರಿಯಾ ನಂದು’ ಅನ್ನುವ ಮಾತಂತೂ ಕಾಯಿದೆಯ ಯಾವ ಪುಟದಲ್ಲೂ ಇಲ್ಲ. ಒಂದೇ ಬೀದಿಗೆ ಇಬ್ಬರು ನೋಂದಣಿ ಮಾಡಿಸಿದರೂ ಕಾನೂನು ಬೇಡ ಅನ್ನುವುದಿಲ್ಲ. ರಾತ್ರಿ ತಂತಿ ಕತ್ತರಿಸುವುದು, ಹುಡುಗರನ್ನು ಕಳಿಸಿ ಹೆದರಿಸುವುದು, ಇವೆಲ್ಲ ‘ಓಂ’ ಚಿತ್ರದಲ್ಲಿ ಚೆನ್ನ. ಬೀದಿಯಲ್ಲಿ ಅದು ಕ್ರಿಮಿನಲ್ ಕೇಸು.

ಅದೃಷ್ಟಕ್ಕೆ ಕಾಲ ಬದಲಾಗಿತ್ತು. 2025ರ ಜನವರಿ 17ರಿಂದ ಪೋಸ್ಟ್ ಆಫೀಸಿನ ಆ ಅಧ್ಯಾಯ ಮುಗಿಯಿತು. ಈಗ ಸಚಿವಾಲಯವೇ ನೋಂದಣಿ ಅಧಿಕಾರಿ. ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ. ಆಧಾರ್, ಪ್ಯಾನ್ ತಾಳೆಯಾದರೆ ಸರ್ಟಿಫಿಕೇಟು ಆಗಿಂದಾಗಲೇ. ಶುಲ್ಕ 5,000 ರೂಪಾಯಿ, ಆಯುಷ್ಯ ಐದು ವರ್ಷ. ಮೊದಲು ಒಂದು ಹೆಡ್ ಪೋಸ್ಟ್ ಆಫೀಸಿನ ವ್ಯಾಪ್ತಿಗೆ ಮಾತ್ರ ಇದ್ದದ್ದು ಈಗ ದೇಶಕ್ಕೆಲ್ಲ ನಡೆಯುತ್ತದೆ. ಅವಧಿ ಮುಗಿಯುವ ತೊಂಬತ್ತು ದಿನ ಮೊದಲೇ ನವೀಕರಣಕ್ಕೆ ಹಾಕಬೇಕು. ನಮ್ಮ ಹುಡುಗ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕಿದ. ಕಾಗದ ಕೈಗೆ ಬಂತು. “ಮಾವ, ಡ್ರೈವಿಂಗ್ ಲೈಸೆನ್ಸಿಗಿಂತ ಸುಲಭ!” ಅಂದ.

ಸುಲಭ ಮುಗಿದದ್ದು ಅಲ್ಲಿಗೆ. ಕಂಬ ಯಾರದು? ವಿದ್ಯುತ್ ಕಂಪನಿಯದು. ರಸ್ತೆ ಯಾರದು? ಪುರಸಭೆಯದು. ನೋಂದಣಿ ಸರ್ಟಿಫಿಕೇಟು ತೋರಿಸಿದರೆ ಕಂಬ ನಮ್ಮದಾಗುವುದಿಲ್ಲ. ಅದಕ್ಕೆ ಬೇರೆ ಒಪ್ಪಿಗೆ, ಬೇರೆ ಬಾಡಿಗೆ. ಇದು ಬರೀ ದುಡ್ಡಿನ ಮಾತಲ್ಲ. ಹೈ ವೋಲ್ಟೇಜ್ ತಂತಿಗೆ ಕೇಬಲ್ ತಾಗಿದರೆ ಜೀವ ಹೋಗುತ್ತದೆ. ಜೋತುಬಿದ್ದ ತಂತಿ ಬೈಕಿನವನ ಕೊರಳಿಗೆ ಸುತ್ತಿಕೊಂಡರೆ? ಹಾಗಾಗಿ ಮೊದಲು ಅದನ್ನು ಸರಿ ಮಾಡಿಸು ಎಂದೆ.

ಎರಡನೆಯದು ಸಿಗ್ನಲ್ ಕೊಡುವ ದೊಡ್ಡ ಕಂಪನಿಯ ಜೊತೆ ಕರಾರು. ಬಾಯಿಮಾತು ಸಾಲದು, ಬರವಣಿಗೆಯಲ್ಲೇ ಒಪ್ಪಂದ ಇರಬೇಕು ಎಂದು ಟ್ರಾಯ್ ನಿಯಮ. 2004ರಿಂದ ಪ್ರಸಾರ ಕ್ಷೇತ್ರವೂ ಟ್ರಾಯ್ ಕೈಯಲ್ಲಿದೆ. ನಮ್ಮ ಹುಡುಗ ಮಾತಾಡಿದ ಕಂಪನಿಯವರು ‘ಮೊದಲು ಲೈನ್ ತಗೊಳ್ಳಿ, ಅಗ್ರಿಮೆಂಟು ಆಮೇಲೆ ನೋಡೋಣ’ ಎಂದರು. ಅದೇ ಅಪಾಯ! ಆಮೇಲೆ ಪಾಲು ಎಷ್ಟು, ಬಾಕ್ಸ್ ಯಾರದು, ಗಿರಾಕಿಗಳ ಪಟ್ಟಿ ಯಾರದು ಎಂದು ಜಗಳ ಬಂದರೆ ಅಕ್ಕನ ಬಳೆ ಗಿರವಿಯಲ್ಲೇ ಕೊಳೆಯುತ್ತದೆ. “ಕಾಗದ ಮೊದಲು, ಮುಂಗಡ ಆಮೇಲೆ” ಎಂದು ಹುಡುಗ ಪಟ್ಟು ಹಿಡಿದ. ಎರಡು ತಿಂಗಳು ಸತಾಯಿಸಿ ಸಹಿ ಹಾಕಿದರು. ಆಗ ಮಾತ್ರ ಅಕ್ಕ ಬಳೆ ಬಿಚ್ಚಿದಳು. ಸರ ಬಿಚ್ಚಲು ನಾನು ಬಿಡಲಿಲ್ಲ.

ಲೈನ್ ಕೊಂಡದ್ದು ಯಾಕೆ ಅಂತ ನೀವು ಕೇಳಬಹುದು. ಜನ ಮೊಬೈಲಿನಲ್ಲಿ ಸಿನಿಮಾ ನೋಡುವ ಕಾಲದಲ್ಲಿ ಕೇಬಲ್ ಯಾರಿಗೆ ಬೇಕು? ಅವನ ಲೆಕ್ಕ ಬೇರೆ. ಮನೆಮನೆಗೂ ಹೋಗಿರುವ ದಾರಿ ಇದೆಯಲ್ಲ, ಅದೇ ದಾರಿಯಲ್ಲಿ ನಾಳೆ ಇಂಟರ್‌ನೆಟ್ ಕೊಡಬಹುದು. ಅದಕ್ಕೆ ದೂರಸಂಪರ್ಕ ಇಲಾಖೆಯ ಬೇರೆ ಅಪ್ಪಣೆ ಬೇಕು. ಅಪ್ಪಣೆ ಇರುವ ಕಂಪನಿಯ ಜೊತೆ ಪಾಲುದಾರನಾಗುವುದು ಅವನ ಯೋಚನೆ. ಕೂಡಿಬರುತ್ತದೋ ಇಲ್ಲವೋ, ಮುನ್ನೂರು ಮನೆಯವರ ಕೈಯಲ್ಲಿದೆ.

ಊರಿನ ಚಾನೆಲ್ ಉಳಿಯುತ್ತದೆಯೆ?

ಇನ್ನೊಂದು ಆಸೆ ಅವನಿಗೆ ಇತ್ತು. ಹಳೇ ಕಾಲದ ಹಾಗೆ ಒಂದು ಲೋಕಲ್ ಚಾನೆಲ್! ಊರ ಜಾತ್ರೆಯ ತೇರು, ಹೈಸ್ಕೂಲಿನ ವಾರ್ಷಿಕೋತ್ಸವ, ಕಬಡ್ಡಿ ಫೈನಲ್, ಊರಿನ ನಾಟಕ ಕಂಪನಿ. ಹಿಂದೆ ಕಂಟ್ರೋಲ್ ರೂಮಿನ ಹುಡುಗ ಒಂದು ಕ್ಯಾಮೆರಾ ಹಿಡಿದು ಇದನ್ನೆಲ್ಲ ಮಾಡುತ್ತಿದ್ದ. ತಮ್ಮ ಮುಖ ಟಿವಿಯಲ್ಲಿ ನೋಡಿ ಅಜ್ಜಿಯರು ನಾಚಿಕೊಳ್ಳುತ್ತಿದ್ದರು. ನಮ್ಮ ಚಿತ್ರರಂಗಕ್ಕೆ ಬಂದ ಎಷ್ಟೋ ತಂತ್ರಜ್ಞರು ಮೊದಲು ಮದುವೆ ವಿಡಿಯೋ, ಲೋಕಲ್ ಚಾನೆಲ್ಲಿನಲ್ಲೇ ಕ್ಯಾಮೆರಾ ಹಿಡಿದವರು.

ಇದಕ್ಕೂ ಈಗ ನಿಯಮ ಇದೆ. 2022ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ ಚಾನೆಲ್‌ಗಳನ್ನು ‘ಪ್ಲಾಟ್‌ಫಾರಂ ಸರ್ವಿಸ್’ ಎಂದು ಕರೆದಿದ್ದಾರೆ. ಒಂದೊಂದು ಚಾನೆಲ್‌ಗೆ 1,000 ರೂಪಾಯಿ ಕಟ್ಟಿ ಎಂಎಸ್‌ಓ ನೋಂದಣಿ ಮಾಡಿಸಬೇಕು. ಒಟ್ಟು ಚಾನೆಲ್‌ಗಳಲ್ಲಿ ನೂರಕ್ಕೆ ಐದನ್ನು ಮೀರಬಾರದು. ತೋರಿಸಿದ್ದೆಲ್ಲವನ್ನೂ ತೊಂಬತ್ತು ದಿನ ರೆಕಾರ್ಡ್ ಮಾಡಿ ಇಡಬೇಕು. ಸ್ಥಳೀಯ ಸುದ್ದಿ ಹಾಕಬೇಕಾದರೆ ಕಂಪನಿಯಾಗಿ ನೋಂದಣಿಯಾಗಿರಬೇಕು. ಸುಳ್ಳು ಸುದ್ದಿ ಹಬ್ಬಿಸುವವರಿಗೆ, ಎಲ್ಲಿಂದಲೋ ಸಿನಿಮಾ ಕದ್ದು ತುಂಬುವವರಿಗೆ ಇದು ಕಡಿವಾಣ. ಅದು ಬೇಕಾದ್ದೇ. ಆದರೆ ಊರಿನ ಹುಡುಗ ತೇರು ತೋರಿಸಬೇಕು ಎಂದರೂ ಎಲ್ಲೋ ದೂರದ ದೊಡ್ಡ ಕಂಪನಿಯ ಬಾಗಿಲು ಬಡಿಯಬೇಕು.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಸಿನಿಮಾ ವಿಷಯಕ್ಕೆ ಬಂದರೆ ಕಟ್ಟುನಿಟ್ಟು ಇರಲೇಬೇಕು. ಕೋಟಿ ಸುರಿದು ತೆಗೆದ ಚಿತ್ರವನ್ನು ಊರೂರಲ್ಲಿ ಪುಕ್ಕಟೆ ಬಿಡುವುದಕ್ಕೆ ಯಾವ ನೋಂದಣಿಯೂ ಅಪ್ಪಣೆಯಲ್ಲ. ಆದರೆ ಊರಿನ ಸ್ವಂತ ತೇರು, ಸ್ವಂತ ನಾಟಕಕ್ಕೆ ದಾರಿ ಇನ್ನೂ ಸುಲಭವಾಗಬೇಕು. ಸಣ್ಣ ಆಪರೇಟರನೇ ನೇರವಾಗಿ ಅರ್ಜಿ ಹಾಕಿ ಒಂದು ಊರ ಚಾನೆಲ್ ನಡೆಸುವ ಹಾಗಿದ್ದರೆ ಯಾರಿಗೆ ನಷ್ಟ? 1995ರಲ್ಲೇ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಹೇಳಿತು. ಅಲೆ ಜನರದ್ದಾದರೆ, ಜನರ ಬೀದಿಯಲ್ಲಿ ಹಾದುಹೋಗುವ ತಂತಿಯಲ್ಲೂ ಜನರಿಗೆ ಒಂದಿಷ್ಟು ಜಾಗ ಬೇಡವೆ?

ಅಭಿಮಾನಿ ಮಿತ್ರರೇ, ನೀವು ಮಾಡಬೇಕಾದ್ದು

ನಿಮ್ಮಲ್ಲಿ ಕೆಲವರು ಕೇಬಲ್ ಕೆಲಸಕ್ಕೆ ಇಳಿಯುವ ಯೋಚನೆಯಲ್ಲಿರಬಹುದು. ನಾಲ್ಕು ಕಾಗದ ನೆನಪಿಡಿ: ನಿಮ್ಮ ಹೆಸರಿನ ನೋಂದಣಿ, ಕಂಬ ಮತ್ತು ರಸ್ತೆಯ ಒಪ್ಪಿಗೆ, ಎಂಎಸ್‌ಓ ಜೊತೆ ಬರೆದ ಒಪ್ಪಂದ, ಗಿರಾಕಿಗೆ ಕೊಡುವ ರಸೀದಿ. ಇವು ನಾಲ್ಕೂ ಇದ್ದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಒಂದು ಇಲ್ಲದಿದ್ದರೂ ಮನೆಯವರ ಒಡವೆಗೆ ಕೈ ಹಾಕಬೇಡಿ.

ಮಿಕ್ಕವರು ಗಿರಾಕಿಗಳು. ತಿಂಗಳ ದುಡ್ಡು ಕೇಳಲು ಬಂದಾಗ ಬಾಗಿಲ ಸಂದಿಯಲ್ಲಿ ನಿಂತು ‘ಅಪ್ಪ ಮನೇಲಿಲ್ಲ’ ಎನ್ನುವ ಬದಲು ರಸೀದಿ ಕೇಳಿ. ನೋಂದಣಿ ನಂಬರ್ ಕೇಳಿ. ನಿಮ್ಮ ಅರ್ಜಿಯ ಪ್ರತಿ ಕೇಳಿ. ಸರಿಯಾಗಿ ನಡೆಸುವವನು ಸಂತೋಷದಿಂದ ತೋರಿಸುತ್ತಾನೆ. ಬಿಡುಗಡೆಯಾದ ಮೂರನೇ ದಿನಕ್ಕೇ ಹೊಸ ಚಿತ್ರ ತಂತಿಯಲ್ಲೋ, ಮೊಬೈಲಿನಲ್ಲೋ ಬಂದರೆ ಖುಷಿಪಡಬೇಡಿ. ಟಿಕೆಟ್ ಹರಿಯುವ ಗೇಟ್ ಕೀಪರ್, ಸೈಕಲ್ ಸ್ಟ್ಯಾಂಡಿನ ಮುದುಕಪ್ಪ, ಇಂಟರ್‌ವಲ್‌ನಲ್ಲಿ ಬೋಂಡ ಕರಿಯುವಾಕೆ, ಎಲ್ಲರ ತುತ್ತೂ ಅದರೊಳಗಿದೆ.

ನಮ್ಮ ನಾಯಕರು ತೆರೆಯ ಮೇಲೆ ಅನ್ಯಾಯದ ವಿರುದ್ಧ ಹೊಡೆದಾಡಿದಾಗ ಶಿಳ್ಳೆ ಹೊಡೆಯುತ್ತೇವೆ. ತೆರೆಯ ಹೊರಗೆ ನಾವು ಮಾಡಬೇಕಾದ ಹೊಡೆದಾಟ ಬಹಳ ಸಣ್ಣದು. ಒಂದು ಟಿಕೆಟ್ ಕೊಳ್ಳುವುದು, ಒಂದು ರಸೀದಿ ಕೇಳುವುದು, ಅಷ್ಟೆ.